ಮಕ್ಕಳ ಕೈಗೇ ಪ್ರವಾಸದ ಅರ್ಧ ಕೊಟ್ಟೆವು: ಲಂಕಾವಿ, ಕೌಲಾಲಂಪುರ

ಹದಿಹರೆಯದ ಮಕ್ಕಳನ್ನು ಕರೆದುಕೊಂಡು ವಿದೇಶಕ್ಕೆ ಹೋಗುವುದಾದರೆ ಯೋಜನೆಯ ಅರ್ಧ ಅವರ ಕೈಯಲ್ಲಿರಬೇಕು. ಬಾಯಿಮಾತಿಗಲ್ಲ, ದುಡ್ಡಿನ ಲೆಕ್ಕವೂ ಸೇರಿ. ಮಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ವರ್ಷ ನಾವು ಕಾಸರಗೋಡಿನ ಬದಿಯಡ್ಕದಿಂದ ಮಲೇಷ್ಯಾಕ್ಕೆ ಹೋಗಿ ಬಂದದ್ದು ಹಾಗೆ. ಮೊದಲು ಲಂಕಾವಿ ದ್ವೀಪ, ಆಮೇಲೆ ಕೌಲಾಲಂಪುರ. ಮಗ ಆಗ ಎಂಟನೇ ಕ್ಲಾಸು ಮುಗಿಸಿದ್ದ. ಈಗ ಮದುವೆಮನೆಯಲ್ಲಿ ಸಿಕ್ಕಿದ ನೆಂಟರೂ ಹೇಗೆ ಮಾಡಿದಿರಿ ಎಂದು ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಸಮುದ್ರ ನೋಡಲು ಅಲ್ಲಿಯವರೆಗೆ ಯಾಕೆ, ಬೇಕಲ ಇಲ್ವಾ, ಕಣ್ವತೀರ್ಥ ಇಲ್ವಾ ಎಂದು ಕೇಳಿದವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನಮ್ಮ ಮಕ್ಕಳು ಸಮುದ್ರ ನೋಡಿ ಬೆಳೆದವರು, ಆದರೆ ಸಮುದ್ರಕ್ಕೆ ಇಳಿದವರಲ್ಲ. ಮೊಣಕಾಲಿನವರೆಗೆ ಹೋದರೆ ಸಾಕು, ದಡದಿಂದ ಯಾರಾದರೂ ಕೂಗಿ ಕರೆಯುತ್ತಾರೆ. ನಮ್ಮ ಕರಾವಳಿಯಲ್ಲಿ ಆ ಹೆದರಿಕೆ ಸರಿಯಾದದ್ದೇ. ಮಗನಿಗೆ ನೀರೊಳಗೆ ಮುಖ ಹಾಕಿ ಮೀನು ನೋಡಬೇಕಿತ್ತು. ಮಗಳಿಗೆ ಮೆಟ್ರೋ, ದೊಡ್ಡ ಕಟ್ಟಡ, ಅಂಗಡಿ ಬೀದಿ ಬೇಕಿತ್ತು. ನಮ್ಮವರಿಗೆ, ಅಂದರೆ ಮಕ್ಕಳ ಅಪ್ಪನಿಗೆ, ಸಸ್ಯಾಹಾರ ಸಿಗಬೇಕು. ನನಗೆ ವೀಸಾದ ತಲೆನೋವು ಬೇಡ, ವಿಮಾನ ಬದಲಿಸುವುದು ಆದಷ್ಟು ಕಡಿಮೆ ಇರಬೇಕು. ಈ ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದು, ಅದರ ಕೆಳಗೆ ನಮ್ಮಿಂದ ಖರ್ಚು ಮಾಡಲು ಆಗುವ ಒಟ್ಟು ಮೊತ್ತವನ್ನೂ ಬರೆದು ಮಕ್ಕಳ ಮುಂದೆ ಇಟ್ಟೆವು.

ಮೊತ್ತ ತೋರಿಸಿದ್ದೇ ದೊಡ್ಡ ವಿಷಯವಾಯಿತು. ಅಡಕೆಗೆ ಎಷ್ಟು ಬಂತು, ಗೊಬ್ಬರಕ್ಕೆ ಎಷ್ಟು ಹೋಯಿತು ಎಂಬುದು ಮನೆಯಲ್ಲಿ ದೊಡ್ಡವರ ನಡುವಿನ ಮಾತಾಗಿತ್ತು. ಪ್ರವಾಸದ ಲೆಕ್ಕ ಕೈಗೆ ಬಂದ ಮೇಲೆ ಮಕ್ಕಳ ಮಾತಿನ ಧಾಟಿಯೇ ಬದಲಾಯಿತು. "ಅಮ್ಮ, ಈ ಹೋಟೆಲ್ ಬೇಡ, ಅದೇ ದುಡ್ಡಲ್ಲಿ ಒಂದು ದಿನ ಜಾಸ್ತಿ ಇರಬಹುದು" ಎಂದು ಮಗಳೇ ಹೇಳತೊಡಗಿದಳು. ಅವರೇ ಕೂತು ಥಾಯ್ಲೆಂಡಿನ ಕ್ರಾಬಿ, ಶ್ರೀಲಂಕಾ, ಮಲೇಷ್ಯಾ ಹೋಲಿಸಿದರು. ಮಗ ಪೆರ್ಹೆಂಟಿಯನ್ ದ್ವೀಪದ ಚಿತ್ರಗಳನ್ನು ನೋಡಿ ಮನಸೋತಿದ್ದ. ಆದರೆ ಅಲ್ಲಿಗೆ ಇನ್ನೊಂದು ವಿಮಾನ, ರಸ್ತೆ, ಆಮೇಲೆ ದೋಣಿ. ಅದು ಮಲೇಷ್ಯಾದ ಪೂರ್ವ ಕರಾವಳಿ, ನವೆಂಬರಿನಿಂದ ಫೆಬ್ರವರಿವರೆಗೆ ಈಶಾನ್ಯ ಮಾನ್ಸೂನಿಗೆ ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ. ಲಂಕಾವಿ ಪಶ್ಚಿಮದಲ್ಲಿದೆ. ಡಿಸೆಂಬರಿನಿಂದ ಮಾರ್ಚ್ ಒಣ ಕಾಲ. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಮೇಲೆ ಒಮ್ಮೊಮ್ಮೆ ಗುಡುಗು ಮಳೆ, ಅಷ್ಟೆ. ನಮಗೆ ಏಪ್ರಿಲ್ ಬಿಟ್ಟರೆ ಬೇರೆ ತಿಂಗಳಿರಲಿಲ್ಲ. ಪರೀಕ್ಷೆ ಮುಗಿಯುವುದು ಮಾರ್ಚ್‌ನಲ್ಲಿ, ಫಲಿತಾಂಶ ಮೇಯಲ್ಲಿ. ವಿಷು ಮನೆಯಲ್ಲೇ ಆಗಬೇಕು ಎಂದು ಅತ್ತೆಯವರ ಆಸೆ. ಅಲ್ಲಿಗೆ ವಿಷು ಕಳೆದ ಮೇಲಿನ ದಿನಗಳು ಎಂದು ನಿರ್ಧಾರವಾಯಿತು.

ತೋಟ ಇರುವವರಿಗೆ ಏಪ್ರಿಲ್ ಅಂದರೆ ನೀರು ಬಿಡುವ ಕಾಲ. ಕರೆಂಟ್ ಇದ್ದಾಗ ಪಂಪು ಹಾಕಬೇಕು, ಸ್ಪ್ರಿಂಕ್ಲರ್ ನೋಡಬೇಕು, ದನ ಇದೆ. ಇದಕ್ಕೆ ಜನ ಸಿಗುವ ಮೊದಲು ಟಿಕೆಟ್ ಮಾಡುವುದಿಲ್ಲ ಎಂದು ನಮ್ಮವರು ಖಡಾಖಂಡಿತವಾಗಿ ಹೇಳಿದ್ದರು. ಭಾವನ ಮಗ ಬಂದು ಉಳಿಯಲು ಒಪ್ಪಿದ. ನಾವು ಹೊರಡುವ ವಾರದ ಮೊದಲೇ ಅವನು ಬಂದು ವಾಲ್ವ್‌ಗಳನ್ನೆಲ್ಲ ನೋಡಿಕೊಂಡ. ಹಳ್ಳಿಯಿಂದ ಹೋಗುವವರು ಯೋಜನೆಯನ್ನು ಇಲ್ಲಿಂದಲೇ ಶುರು ಮಾಡಬೇಕು. ಮನೆಯ ಚಿಂತೆ ಇದ್ದರೆ ಯಾವ ಸಮುದ್ರವೂ ಹಿತವಾಗುವುದಿಲ್ಲ.

ಪಾಸ್‌ಪೋರ್ಟ್ ಕೆಲಸ ಪಯ್ಯನ್ನೂರಿನ ಸೇವಾ ಕೇಂದ್ರದಲ್ಲಿ ಆಯಿತು. ಎರಡು ವಿಷಯ ಮಾತ್ರ ಹೇಳುತ್ತೇನೆ. 15 ವರ್ಷ ದಾಟಿದ ಮಕ್ಕಳಿಗೆ 10 ವರ್ಷದ ಪಾಸ್‌ಪೋರ್ಟ್ ಕೇಳಬಹುದು. ಅದಕ್ಕಿಂತ ಚಿಕ್ಕವರಿಗೆ 5 ವರ್ಷದ್ದು. ಇನ್ನೊಂದು, ನಮ್ಮ ಕಡೆ ಶಾಲೆಯ ದಾಖಲೆಯಲ್ಲಿ ಹೆಸರಿನ ಜೊತೆ ಇನಿಷಿಯಲ್ ಇರುತ್ತದೆ ಅಲ್ವಾ, ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ವಿಮಾನದ ಟಿಕೆಟ್‌ನಲ್ಲಿ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಇರಬೇಕು. ಮನೆಯಲ್ಲಿ ಕರೆಯುವ ಹೆಸರು, ಮನೆತನದ ಹೆಸರು ಎಲ್ಲ ಬದಿಗಿಡಿ.

ಭಾರತೀಯರಿಗೆ ಮಲೇಷ್ಯಾ 2023ರ ಡಿಸೆಂಬರ್ 1ರಿಂದ 30 ದಿನಗಳವರೆಗೆ ವೀಸಾ ಇಲ್ಲದೆ ಪ್ರವೇಶ ಕೊಡುತ್ತಿದೆ. 2026ರ ಕೊನೆಯವರೆಗೆ ಅದನ್ನು ಮುಂದುವರಿಸಿದ್ದಾರೆ. ಆದರೆ ಡಿಜಿಟಲ್ ಅರೈವಲ್ ಕಾರ್ಡ್ ಎಂಬುದನ್ನು ತಲುಪುವ ಮೊದಲಿನ ಮೂರು ದಿನಗಳ ಒಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಒಬ್ಬೊಬ್ಬರಿಗೂ ಬೇರೆ ಬೇರೆ, ಮಕ್ಕಳಿಗೂ ಬೇಕು. ಸರ್ಕಾರದ ತಾಣದಲ್ಲಿ ಅದು ಉಚಿತ. ದುಡ್ಡು ಕೇಳುವ ತಾಣ ಕಂಡರೆ ಮುಚ್ಚಿಬಿಡಿ. ಈ ಕೆಲಸವನ್ನು ಮಗಳು ಮಾಡಿದಳು, ನಾನು ಪಕ್ಕದಲ್ಲಿ ಕೂತು ಪಾಸ್‌ಪೋರ್ಟ್ ನಂಬರ್ ಓದಿ ಹೇಳಿದೆ.

ಮೊದಲು ದ್ವೀಪವೋ, ನಗರವೋ? ನನ್ನ ಅಭಿಪ್ರಾಯ ಸ್ಪಷ್ಟ: ದ್ವೀಪ ಮೊದಲು. ಕಾರಣ ಹೇಳುತ್ತೇನೆ. ನಾವು ಬೆಳಿಗ್ಗೆ ಕಾಸರಗೋಡಿನಿಂದ ಪರಶುರಾಮ್ ಎಕ್ಸ್‌ಪ್ರೆಸ್ ಹತ್ತಿ ಮಧ್ಯಾಹ್ನ ಆಲುವದಲ್ಲಿ ಇಳಿದೆವು. ಕೊಚ್ಚಿಯ ನೆಡುಂಬಾಶ್ಶೇರಿ ವಿಮಾನ ನಿಲ್ದಾಣ ಅಲ್ಲಿಂದ ಹತ್ತಿರ. ಕೊಚ್ಚಿಯಿಂದ ಕೌಲಾಲಂಪುರಕ್ಕೆ ನೇರ ವಿಮಾನಕ್ಕೆ ಸುಮಾರು ನಾಲ್ಕು ಗಂಟೆ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ರಾತ್ರಿ ಹೊರಟರೆ ಬೆಳಗಾಗುವಾಗ ತಲುಪುತ್ತೀರಿ, ನಿದ್ದೆಗೆಟ್ಟು. ನಗರದ ಹೋಟೆಲ್‌ನಲ್ಲಿ ಕೋಣೆ ಸಿಗುವುದು ಮಧ್ಯಾಹ್ನದ ಮೇಲೆ. ಅಷ್ಟು ಹೊತ್ತು ಬ್ಯಾಗ್ ಹಿಡಿದುಕೊಂಡು ಸಿಡುಕುವ ಮಕ್ಕಳ ಜೊತೆ ಏನು ಮಾಡುವುದು? ಅದರ ಬದಲು ಅದೇ ನಿಲ್ದಾಣದಿಂದ ಲಂಕಾವಿಗೆ ಇನ್ನೊಂದು ವಿಮಾನ, ಹಾರಾಟ ಒಂದು ಗಂಟೆ. ಕೋಣೆ ಸಿಗುವ ಹೊತ್ತಿಗೆ ಸರಿಯಾಗಿ ತಲುಪಿದೆವು. ಮಕ್ಕಳು ಸಂಜೆವರೆಗೆ ಮಲಗಿದರು. ಎರಡು ಟಿಕೆಟ್ ಬೇರೆ ಬೇರೆಯಾಗಿ ಮಾಡಿದರೆ ನಡುವೆ ನಾಲ್ಕೈದು ಗಂಟೆ ಬಿಡುವು ಇಡಿ. ಇಮಿಗ್ರೇಷನ್ ದಾಟಿ, ಬ್ಯಾಗ್ ತೆಗೆದು, ಮತ್ತೆ ಕೊಡಬೇಕು. ನಗರ ಕೊನೆಗೆ ಬಂದರೆ ಇನ್ನೊಂದು ಅನುಕೂಲ: ವಾಪಸು ವಿಮಾನ ತಪ್ಪುವ ಭಯ ಕಡಿಮೆ, ಕೊಂಡ ಸಾಮಾನನ್ನು ದ್ವೀಪಕ್ಕೆ ಹೊತ್ತುಕೊಂಡು ಹೋಗಬೇಕಿಲ್ಲ.

ಹೊರಡುವ ಮೊದಲೇ ಮಕ್ಕಳಿಗೆ ಈಜು ಕಲಿಸಿದ್ದೆವು. ಮನೆಯ ಕೆರೆಯಲ್ಲಿ ಅವರ ಅಪ್ಪ ಮಗನಿಗೆ ಕಲಿಸಿದರು. ಮಗಳನ್ನು ಮಂಗಳೂರಿನಲ್ಲಿ ಒಂದು ಈಜುಕೊಳಕ್ಕೆ ಸೇರಿಸಿದೆವು. ಲೈಫ್ ಜಾಕೆಟ್ ಹೇಗೂ ಇರುತ್ತದೆ ಎಂದು ಇದನ್ನು ಬಿಡಬೇಡಿ. ನೀರಿನ ಭಯ ಹೋದ ಮಕ್ಕಳೇ ಸಮುದ್ರದಲ್ಲಿ ಸಮಾಧಾನವಾಗಿರುತ್ತಾರೆ. ಹಾಗೆಯೇ ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು. ಮುಟ್ಟಿನ ದಿನಗಳನ್ನು ನೋಡಿಕೊಂಡು ನೀರಿನ ಕಾರ್ಯಕ್ರಮ ಹಾಕಿ. ದ್ವೀಪದ ದಿನಗಳಲ್ಲಿ ಆಚೀಚೆ ಮಾಡಲು ಜಾಗ ಬಿಡಿ. ಇದನ್ನು ಮಗಳ ಜೊತೆ ಮೊದಲೇ ಮುಚ್ಚುಮರೆಯಿಲ್ಲದೆ ಮಾತಾಡಿದ್ದರಿಂದ ಅವಳಿಗೆ ಎಷ್ಟೋ ಹಗುರವಾಯಿತು.

ಲಂಕಾವಿ ಎಂದರೆ ಒಂದೇ ದ್ವೀಪವಲ್ಲ, 99 ದ್ವೀಪಗಳ ಗುಂಪು. ನಾವು ಉಳಿದದ್ದು ಪಂತೈ ಚೆನಾಂಗ್ ಕಡಲತೀರದ ಹತ್ತಿರ. ಅಂಗಡಿ, ಊಟ ಎಲ್ಲ ನಡೆದು ಹೋಗುವ ದೂರದಲ್ಲಿವೆ. ಸಿಟಿ ಬಸ್ಸಿನಂಥದ್ದು ನಾವು ಹೋದಾಗ ಆ ಊರಿನಲ್ಲಿ ಕಾಣಲಿಲ್ಲ. ಗ್ರ್ಯಾಬ್ ಆ್ಯಪ್‌ನಲ್ಲಿ ಕಾರು ಕರೆಯಬೇಕು, ಇಲ್ಲವೇ ಬಾಡಿಗೆ ಕಾರು. ಬಾಡಿಗೆ ಕಾರು ಓಡಿಸಲು ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಬೇಕು. ನಾವು ಗ್ರ್ಯಾಬ್‌ನಲ್ಲೇ ಸುತ್ತಿದೆವು. ಆ್ಯಪ್‌ನ ಜವಾಬ್ದಾರಿ ಮಗನದು.

ದಿನಕ್ಕೆ ಒಂದೇ ಕೆಲಸ ಎಂಬ ನಿಯಮ ಇಟ್ಟಿದ್ದೆವು. ಈ ವಯಸ್ಸಿನ ಮಕ್ಕಳಿಗೆ ಬೆಳಗ್ಗಿನ ನಿದ್ದೆ ಬೇಕು. ಅದನ್ನು ಕಸಿದುಕೊಂಡರೆ ಇಡೀ ದಿನ ಮುಖ ಊದಿರುತ್ತದೆ. ಅಲ್ಲಿ ಸೂರ್ಯ ಹುಟ್ಟುವುದೇ ಏಳು ಗಂಟೆ ದಾಟಿದ ಮೇಲೆ. ನಾವಿಬ್ಬರು ಬೆಳಿಗ್ಗೆ ಮರಳಿನಲ್ಲಿ ನಡೆದು ಬರುತ್ತಿದ್ದೆವು. ಎಷ್ಟೋ ವರ್ಷಗಳ ಮೇಲೆ ನಾವಿಬ್ಬರೇ ಮಾತಾಡುತ್ತಾ ನಡೆದದ್ದು ಅಲ್ಲಿ. ಮಕ್ಕಳು ಒಂಬತ್ತಕ್ಕೆ ಏಳಲಿ, ಹತ್ತಕ್ಕೆ ಏಳಲಿ, ಕೇಳುತ್ತಿರಲಿಲ್ಲ.

ಮಾಚಿಂಚಾಂಗ್ ಬೆಟ್ಟದ ಕೇಬಲ್ ಕಾರಿಗೆ ಮಾತ್ರ ಬೇಗ ಹೊರಡಬೇಕು, ಮಧ್ಯಾಹ್ನ ಮೋಡ ಮುಚ್ಚುತ್ತದೆ. ಮೇಲೆ ಒಂದೇ ಕಂಬದ ಆಧಾರದಲ್ಲಿ ತೂಗುವ, ಬಾಗಿದ 125 ಮೀಟರ್ ಉದ್ದದ ಸೇತುವೆ ಇದೆ. ಆ ಬೆಟ್ಟದ ಕಲ್ಲು ಸುಮಾರು 55 ಕೋಟಿ ವರ್ಷ ಹಳೆಯದು. ಲಂಕಾವಿಗೆ 2007ರಲ್ಲಿ ಯುನೆಸ್ಕೊ ಜಿಯೋಪಾರ್ಕ್ ಎಂಬ ಮಾನ್ಯತೆ ಸಿಕ್ಕಿದ್ದು ಇಂಥ ಕಲ್ಲುಗಳಿಂದಲೇ.

ನನಗೆ ಅದಕ್ಕಿಂತ ಇಷ್ಟವಾದದ್ದು ಕಿಲಿಮ್‌ನ ಮ್ಯಾಂಗ್ರೋವ್ ಕಾಡು. ದೊಡ್ಡ ಮೋಟಾರು ದೋಣಿಯಲ್ಲಿ ಹೋಗಬಹುದು, ಕಯಾಕ್ ಎಂಬ ಹುಟ್ಟು ಹಾಕುವ ಸಣ್ಣ ದೋಣಿಯಲ್ಲೂ ಹೋಗಬಹುದು. ಕೆಲವು ದೋಣಿಯವರು ಹದ್ದುಗಳಿಗೆ ಕೋಳಿಯ ಚರ್ಮ ಎಸೆದು ತೋರಿಸುತ್ತಾರೆ. ಹಕ್ಕಿಗಳಿಗೆ ಅದು ಒಳ್ಳೆಯದಲ್ಲ. ನಾವು ಹಾಗೆ ಮಾಡದವರನ್ನು ಕೇಳಿ ಕಯಾಕ್ ಆರಿಸಿದೆವು. ಮಕ್ಕಳು ಒಂದರಲ್ಲಿ, ನಾವು ಒಂದರಲ್ಲಿ. ಅಲ್ಲಿ ಹಾರುವ ಕೆಂಪು ಮೈ, ಬಿಳಿ ಕತ್ತಿನ ಹದ್ದು ನಮ್ಮ ಕುಂಬಳೆ ಹೊಳೆಯ ಮೇಲೆ ದಿನವೂ ಹಾರುವ ಗರುಡವೇ. ಮಗ ಅದನ್ನು ಗುರುತು ಹಿಡಿದ. ಬೇರಿನ ಮೇಲೆ ನಿಂತ ಆ ಗಿಡಗಳೂ ನಮ್ಮ ಶಿರಿಯಾ ಅಳಿವೆಯಲ್ಲಿರುವ ಕಂಡಲ್ ಗಿಡಗಳ ನೆಂಟರು. ಕಣ್ಣೂರಿನಲ್ಲಿ ಕಲ್ಲೇನ್ ಪೊಕ್ಕುಡನ್ ಅವರು ಇದೇ ಗಿಡಗಳನ್ನು ನೆಟ್ಟು ಬೆಳೆಸಿದವರು. ಅವರ ಬಗ್ಗೆ ದೋಣಿಯಲ್ಲೇ ಮಕ್ಕಳಿಗೆ ಹೇಳಿದೆ. ಊರಿಗೆ ಬಂದ ಮೇಲೆ ಶಿರಿಯಾಕ್ಕೆ ಕರೆದುಕೊಂಡು ಹೋಗು ಎಂದು ಮಕ್ಕಳೇ ಕೇಳಿದರು, ಹೋಗಿ ಬಂದೆವು.

ಸಮುದ್ರಕ್ಕೆ ಇಳಿಯುವಾಗ ಒಂದು ಎಚ್ಚರ. ಆ ನೀರಿನಲ್ಲಿ ಬಾಕ್ಸ್ ಜೆಲ್ಲಿಫಿಶ್ ಇದೆ, ಅದರ ವಿಷ ಪ್ರಾಣಕ್ಕೇ ಅಪಾಯ. ತುಂಬು ತೋಳಿನ, ಉದ್ದ ಕಾಲಿನ ಈಜು ಬಟ್ಟೆ ನಾಲ್ವರಿಗೂ ಮಂಗಳೂರಿನಲ್ಲೇ ಕೊಂಡಿದ್ದೆವು. ಬಿಸಿಲಿಗೂ ಅದು ಒಳ್ಳೆಯದು, ಮಗಳಿಗೆ ಸಂಕೋಚವೂ ಇರಲಿಲ್ಲ. ಕುಟುಕಿದರೆ ಉಜ್ಜಬಾರದು, ವಿನೆಗರ್ ಸುರಿದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕಡಲತೀರದ ಫಲಕಗಳನ್ನು ಓದಿ, ಹೋಟೆಲಿನವರನ್ನು ಕೇಳಿ ಇಳಿಯಿರಿ. ಪ್ರಯಾಣ ವಿಮೆ ಮಾಡಿಸದೆ ಹೊರಡಲೇಬೇಡಿ.

ಕೌಲಾಲಂಪುರದಲ್ಲಿ ಎರಡು ಮಲಗುವ ಕೋಣೆ, ಬಟ್ಟೆ ಒಗೆಯುವ ಮೆಷಿನ್ ಇರುವ ಅಪಾರ್ಟ್‌ಮೆಂಟ್ ತೆಗೆದುಕೊಂಡೆವು. ಒಂದೇ ಕೋಣೆಯಲ್ಲಿ ನಾಲ್ಕು ಜನ ಹೆಚ್ಚು ದಿನ ಇರಬಾರದು, ಈ ವಯಸ್ಸಿನವರಿಗೆ ಮುಚ್ಚಿಕೊಳ್ಳಲು ಒಂದು ಬಾಗಿಲು ಬೇಕು. ವಿಮಾನ ನಿಲ್ದಾಣದಿಂದ ನಗರಕ್ಕೆ ಎಕ್ಸ್‌ಪ್ರೆಸ್ ರೈಲು ಅರ್ಧ ಗಂಟೆ, ದೊಡ್ಡವರಿಗೆ 55 ರಿಂಗಿಟ್. ನಾವು ಹೋಗುವಾಗ ರಿಂಗಿಟ್‌ಗೆ ಸುಮಾರು 20 ರೂಪಾಯಿ. ಮಗ ಲೆಕ್ಕ ಹಾಕಿ ನಾಲ್ವರಿಗೆ ಗ್ರ್ಯಾಬ್ ಕಾರೇ ಅಗ್ಗ ಎಂದ. ಆದರೆ ನಗರದೊಳಗೆ ಅವನು ರೈಲೇ ಹಿಡಿದ. ಕೆಲಾನಾ ಜಯಾ ಮಾರ್ಗದ ರೈಲಿಗೆ ಚಾಲಕನೇ ಇಲ್ಲ. ಎದುರಿನ ಗಾಜಿನ ಹತ್ತಿರ ನಿಂತರೆ ಹಳಿ ನೇರ ಕಣ್ಣೆದುರು. ಒಂದು ಮಧ್ಯಾಹ್ನ ಅಕ್ಕ ತಮ್ಮ ಇಬ್ಬರೇ ಕೆಎಲ್ ಸೆಂಟ್ರಲ್ ಎಂಬ ಮುಖ್ಯ ರೈಲು ನಿಲ್ದಾಣದಿಂದ ಅವಳಿ ಗೋಪುರವಿರುವ ಕೆಎಲ್‌ಸಿಸಿವರೆಗೆ ಹೋದರು. ಫೋನ್, ಅಪಾರ್ಟ್‌ಮೆಂಟ್ ವಿಳಾಸದ ಚೀಟಿ, ಸೇರುವ ಜಾಗ, ಸೇರುವ ಸಮಯ, ಇಷ್ಟು ಕೊಟ್ಟಿದ್ದೆವು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ನಿಜ. ಹೇಳಿದ ಸಮಯಕ್ಕೆ ಕಾರಂಜಿಯ ಹತ್ತಿರ ಇಬ್ಬರೂ ನಿಂತಿದ್ದರು. ಆ ದಿನದಿಂದ ಮಗಳ ನಡಿಗೆಯಲ್ಲೇ ಒಂದು ಧೈರ್ಯ ಬಂತು.

452 ಮೀಟರ್ ಎತ್ತರದ ಪೆಟ್ರೋನಾಸ್ ಅವಳಿ ಗೋಪುರದ ಮೇಲೆ ಹತ್ತುವ ಟಿಕೆಟ್ ಮಕ್ಕಳೇ ಬೇಡ ಎಂದರು, ಕೆಳಗಿನ ಉದ್ಯಾನದಿಂದ ರಾತ್ರಿ ದೀಪದಲ್ಲಿ ನೋಡಿದರೆ ಸಾಕಂತೆ. ಹತ್ತುವವರು ಮೊದಲೇ ಬುಕ್ ಮಾಡಿ, ಸೋಮವಾರ ರಜೆ. ಆ ದುಡ್ಡಿನಲ್ಲಿ ಮಗಳು ಇಸ್ಲಾಮಿಕ್ ಕಲೆಗಳ ಮ್ಯೂಸಿಯಂಗೆ ಹೋಗಿ ಅಲ್ಲಿಯ ಚಿತ್ತಾರಗಳನ್ನು ಪುಸ್ತಕದ ತುಂಬ ಬರೆದುಕೊಂಡಳು. ಬಟು ಗುಹೆಗೆ ಬೆಳಿಗ್ಗೆಯೇ ಹೋಗಿ. ಕೆಎಲ್ ಸೆಂಟ್ರಲ್‌ನಿಂದ ನೇರ ರೈಲಿದೆ. ಚಿನ್ನದ ಬಣ್ಣದ ಮುರುಗನ ಪಕ್ಕದಿಂದ 272 ಮೆಟ್ಟಿಲು. ಮೊಣಕಾಲು ಮುಚ್ಚುವ ಬಟ್ಟೆ ಬೇಕು, ಕೈಯಲ್ಲಿ ತಿಂಡಿ ಇದ್ದರೆ ಮಂಗಗಳು ಬಿಡುವುದಿಲ್ಲ.

ಊಟದ ಚಿಂತೆ ನಮ್ಮವರಿಗೇ ಜಾಸ್ತಿ ಇತ್ತು. ಕೆಎಲ್ ಸೆಂಟ್ರಲ್ ಪಕ್ಕದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಬಾಳೆ ಎಲೆಯ ಊಟ ಸಿಕ್ಕಿದ ಮೇಲೆ ಅದೂ ಹೋಯಿತು. ಅಲ್ಲಿ ತಮಿಳು ನಡೆಯುತ್ತದೆ. ಶಾಲೆಯಲ್ಲಿ ಮಲಯಾಳ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಅದು ಅರ್ಧಕ್ಕರ್ಧ ಅರ್ಥವಾಗುತ್ತಿತ್ತು. ಬೆಳಗ್ಗಿನ ತಿಂಡಿಗೆ ರೋಟಿ ಚನಾಯ್, ಜೊತೆಗೆ ತೊವ್ವೆ. ಉಳಿದ ಕಡೆ ಕೇಳಿಯೇ ತಿನ್ನಿ. ಬರೀ ಸೊಪ್ಪಿನ ಪಲ್ಯ ಎಂದು ಕಂಡರೂ ಅದರಲ್ಲಿ ಬೆಲಚಾನ್ ಎಂಬ ಸಿಗಡಿ ಪೇಸ್ಟ್ ಇರಬಹುದು. ಚೀನೀ ಬೌದ್ಧರ ಸಸ್ಯಾಹಾರಿ ಹೋಟೆಲ್‌ಗಳು ನಂಬಿಕೆಗೆ ಯೋಗ್ಯ.

ಮಕ್ಕಳಿಗೆ ದಿನಕ್ಕೆ ಇಷ್ಟು ರಿಂಗಿಟ್ ಎಂದು ಕೈಗೆ ಕೊಡುತ್ತಿದ್ದೆವು, ಏನು ಕೊಂಡಿರಿ ಎಂದು ಕೇಳುತ್ತಿರಲಿಲ್ಲ. ಮಗ ಎಲ್ಲವನ್ನೂ ತಿನ್ನುವುದಕ್ಕೆ ಕಳೆದ. ಮಗಳು ಕೂಡಿಟ್ಟು ಅಜ್ಜಿಗೆ ಬಾಟಿಕ್ ಬಟ್ಟೆ ತಂದಳು. ಎರಡೂ ನನಗೆ ಸಂತೋಷವೇ.

ನಮ್ಮ ಖರ್ಚಿನ ಹಾಳೆ ಈಗ ನೀರ್ಚಾಲಿನಲ್ಲಿರುವ ತಂಗಿಯ ಮನೆಯಲ್ಲಿದೆ. ಅವಳ ಮಕ್ಕಳಿಗೆ ಡಿಸೆಂಬರ್ ರಜೆಯಲ್ಲಿ ಹೋಗುವ ಆಸೆ. ಹವೆ ನಮಗೆ ಸಿಕ್ಕಿದ್ದಕ್ಕಿಂತ ಚೆನ್ನಾಗಿರುತ್ತದೆ. ಆದರೆ ಕ್ರಿಸ್‌ಮಸ್ ರಜೆ ಹತ್ತು ದಿನಗಳಷ್ಟೆ, ಟಿಕೆಟ್ ದುಬಾರಿ. ಓಣಂ ಹೊತ್ತಿಗೇ ಟಿಕೆಟ್ ಮಾಡಿಬಿಡು, ಮಕ್ಕಳನ್ನೇ ಕೂರಿಸಿ ಹುಡುಕಿಸು ಎಂದು ಹೇಳಿದ್ದೇನೆ.