ಮಿಸುಕದ ಲ್ಯಾಪ್‌ಟಾಪ್ ಮತ್ತೆ ಎದ್ದದ್ದು

ರಾತ್ರಿ ಸರಿಯಾಗಿಯೇ ಮುಚ್ಚಿಟ್ಟಿದ್ದ ಲ್ಯಾಪ್‌ಟಾಪ್ ಬೆಳಿಗ್ಗೆ ಗುಂಡಿ ಒತ್ತಿದರೆ ಮಿಸುಕಲೇ ಇಲ್ಲ. ಫ್ಯಾನಿನ ಸದ್ದಿಲ್ಲ, ಪರದೆಯಲ್ಲಿ ಬೆಳಕಿಲ್ಲ. ಒಳಗಿದ್ದ ಎರಡು ವರ್ಷಗಳ ಬರಹ ನೆನೆದು ಎದೆ ಧಸಕ್ಕೆಂದಿತು. ಚಾರ್ಜರ್‌ನ ದೀಪವೇನೋ ಉರಿಯುತ್ತಿತ್ತು. ದೋಷ ಒಳಗೇ ಇರಬೇಕೆನಿಸಿತು.

ಚಾರ್ಜರ್, ಮೌಸ್, ಪೆನ್‌ಡ್ರೈವ್ ಎಲ್ಲವನ್ನೂ ಕಿತ್ತು, ಬ್ಯಾಟರಿಯನ್ನೂ ಹೊರತೆಗೆದು, ಪವರ್ ಗುಂಡಿಯನ್ನು 30 ಸೆಕೆಂಡ್ ಒತ್ತಿಹಿಡಿದೆ. ಮದರ್‌ಬೋರ್ಡ್ ಎಂಬ ಮುಖ್ಯ ಹಲಗೆಯ ಕೆಪಾಸಿಟರ್‌ಗಳಲ್ಲಿ, ಅಂದರೆ ವಿದ್ಯುತ್ ಕೂಡಿಡುವ ಪುಟ್ಟ ಭಾಗಗಳಲ್ಲಿ, ಉಳಿದ ವಿದ್ಯುತ್ ಹೀಗೆ ಬರಿದಾಗುತ್ತದೆ. ಪವರ್ ಗುಂಡಿ, ಚಾರ್ಜಿಂಗ್‌ಗಳನ್ನು ನೋಡಿಕೊಳ್ಳುವ ನಿಯಂತ್ರಕ ಚಿಪ್ ಸಿಕ್ಕಿಕೊಂಡಿದ್ದರೆ ಅದೂ ಹೊಸದಾಗಿ ಶುರುವಾಗುತ್ತದೆ. ಬಳಿಕ ಚಾರ್ಜರ್ ಮಾತ್ರ ಸಿಕ್ಕಿಸಿ ಗುಂಡಿ ಒತ್ತಿದೆ. ಫ್ಯಾನ್ ತಿರುಗಿತು! ಆ ಸದ್ದು ತಂದ ಸಮಾಧಾನ ಹೇಳತೀರದು.

ಬ್ಯಾಟರಿ ಹೊರತೆಗೆಯಲಾಗದ ಮಾದರಿಗಳಲ್ಲಿ ಚಾರ್ಜರ್ ಕಿತ್ತು ಗುಂಡಿ ಒತ್ತಿಹಿಡಿಯುವುದಷ್ಟೇ ಸಾಕಾಗಬಹುದು. ಬ್ಯಾಟರಿ ಉಬ್ಬಿದ್ದರೆ ಮಾತ್ರ ದಯವಿಟ್ಟು ಯಾವ ಪ್ರಯೋಗವೂ ಬೇಡ. ಲ್ಯಾಪ್‌ಟಾಪ್ ಎದ್ದ ಕೂಡಲೇ ನಾನು ಮಾಡಿದ ಮೊದಲ ಕೆಲಸ, ಬರಹವನ್ನೆಲ್ಲ ಬೇರೊಂದು ಡಿಸ್ಕ್‌ಗೆ ನಕಲಿಸಿಕೊಂಡದ್ದು.