ಮುದ್ದೆ, ಬಿಸಿನೀರು ಮತ್ತು ಒಂದು ಥರ್ಮಾಮೀಟರು

ಪಾಂಡವಪುರದ ಕಡೆಯ ನಮ್ಮ ಊರಿನ ಮನೆಯಲ್ಲಿ ಊಟ ಮುಗಿಸಿದವರು ಯಾರಾದರೂ ತಣ್ಣೀರಿನ ಚೊಂಬಿಗೆ ಕೈ ಹಾಕಿದರೆ ನಮ್ಮವ್ವ ಈಗಲೂ ತಡೆಯುತ್ತಾಳೆ. "ತಣ್ಣೀರ್ ಕುಡೀಬ್ಯಾಡ ಕಣ್ ಮಗ, ಹೊಟ್ಟೇಲಿ ಮುದ್ದೆ ಕಲ್ಲಾಯ್ತದೆ" ಎನ್ನುವುದು ಅವಳ ಮಾತು. ಮೂವತ್ತೊಂದು ವರ್ಷ ಮಂಡ್ಯ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ವಿಜ್ಞಾನ ಪಾಠ ಮಾಡಿದ ನಾನು ಈ ಮಾತನ್ನು ಒಂದು ದಿನವೂ ಪರೀಕ್ಷಿಸಿ ನೋಡಿರಲಿಲ್ಲ. ಮಕ್ಕಳ ಎದುರಿಗೆ ನಕ್ಕು, ಮನೆಗೆ ಬಂದು ಬಿಸಿನೀರನ್ನೇ ಕುಡಿಯುತ್ತಿದ್ದೆ.

ನಿವೃತ್ತನಾಗಿ ಮೈಸೂರಿನಲ್ಲಿ ನೆಲೆಸಿದ ಎರಡನೆಯ ವರ್ಷ ನನಗೆ ಹೊಟ್ಟೆಯ ಉಬ್ಬರವೂ ಮಲಬದ್ಧತೆಯೂ ಒಟ್ಟಿಗೆ ಹಿಡಿದುಕೊಂಡವು. ವೈದ್ಯರು ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಮಾಡಿಸಿ ಭಯಪಡುವಂಥದ್ದೇನೂ ಇಲ್ಲ ಎಂದ ಮೇಲೆ ಉಳಿದದ್ದು ನೆಂಟರಿಷ್ಟರ ಸಲಹೆ ಮಾತ್ರ, ಮತ್ತು ಆ ಸಲಹೆ ಎಲ್ಲರ ಬಾಯಲ್ಲೂ ಒಂದೇ ಆಗಿತ್ತು: ಬೆಳಿಗ್ಗೆ ಎದ್ದು ಬಿಸಿನೀರು ಕುಡಿಯಿರಿ. ಎಷ್ಟು ಬಿಸಿ ಎಂದು ಕೇಳಿದರೆ ಒಬ್ಬರು ಉಗುರುಬೆಚ್ಚಗೆ ಎಂದರು, ಇನ್ನೊಬ್ಬರು ಕಾಫಿ ಕುಡಿಯುವಷ್ಟು ಎಂದರು, ಮತ್ತೊಬ್ಬರು ನಾಲಿಗೆ ತಡೆಯುವಷ್ಟು ಎಂದರು. ಈ ಮೂರೂ ಒಂದೇ ಅಲ್ಲವೆಂಬ ಅನುಮಾನ ಹುಟ್ಟಿದ್ದರಿಂದಲೇ ನಾನು ಶಾಲೆಯ ಪ್ರಯೋಗಾಲಯದಲ್ಲಿ ಬಳಸುವಂಥ, ಕೆಂಪು ದ್ರವದ ಥರ್ಮಾಮೀಟರೊಂದನ್ನು ಕೊಂಡು ತಂದೆ. ಪಾದರಸದ್ದನ್ನು ಬೇಕೆಂದೇ ಬಿಟ್ಟೆ. ಕುಡಿಯುವ ನೀರಿನಲ್ಲಿ ಅದು ಒಡೆದರೆ ಹೊಟ್ಟೆಯ ಉಬ್ಬರಕ್ಕಿಂತ ದೊಡ್ಡ ತೊಂದರೆ ಬರುತ್ತದೆ.

ಮೊದಲ ದಿನವೇ ಒಂದು ಪೆಟ್ಟು ತಿಂದೆ. ಥರ್ಮಾಮೀಟರು ಸರಿಯಿದೆಯೇ ಎಂದು ನೋಡಲು ಮರಳುತ್ತಿದ್ದ ನೀರಿನಲ್ಲಿ ಅದ್ದಿದಾಗ ಕೆಂಪು ಗೆರೆ 97ರ ಆಸುಪಾಸಿನಲ್ಲಿ ನಿಂತುಬಿಟ್ಟಿತು. ಎಷ್ಟು ಹೊತ್ತು ಕಾದರೂ 100ನ್ನು ಮುಟ್ಟಲಿಲ್ಲ. ಮಾಲು ಕೆಟ್ಟದ್ದೆಂದು ಅಂಗಡಿಗೆ ಹಿಂತಿರುಗಿಸಲು ಹೊರಟವನು ಮೆಟ್ಟಿಲ ಬಳಿ ನಿಂತೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಪ್ರತಿ 300 ಮೀಟರಿಗೆ ಕುದಿಯುವ ಬಿಂದು ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಇದನ್ನು ನಾನೇ ಎಷ್ಟು ತರಗತಿಗಳಿಗೆ ಬೋರ್ಡಿನ ಮೇಲೆ ಬರೆದಿದ್ದೆನೋ ಲೆಕ್ಕವಿಲ್ಲ.

ಅಲ್ಲಿಂದ ಒಂದು ವಾರ ಮನೆಯ ನೀರನ್ನೆಲ್ಲ ಅಳೆದೆ. ನನ್ನ ಹೆಂಡತಿ ಉಗುರುಬೆಚ್ಚಗೆ ಎಂದು ಕೊಡುತ್ತಿದ್ದ ನೀರು 41 ಡಿಗ್ರಿ ಇತ್ತು. ನನ್ನ ತಮ್ಮ ಅದೇ ಹೆಸರಿನಲ್ಲಿ ಕುಡಿಯುತ್ತಿದ್ದದ್ದು 55. ಒಲೆಯಿಂದ ಇಳಿಸಿ ಲೋಟಕ್ಕೆ ಸುರಿದ ಕಾಫಿ 75ರ ಹತ್ತಿರವಿದ್ದರೆ, ಅದನ್ನು ಲೋಟದಿಂದ ದಬರಿಗೆ, ದಬರಿಯಿಂದ ಲೋಟಕ್ಕೆ ಮೂರು ಸಲ ಎತ್ತಿ ಹುಯ್ದ ಮೇಲೆ 60ಕ್ಕೆ ಇಳಿಯುತ್ತಿತ್ತು. ಈ ಹುಯ್ಯುವುದನ್ನು ನಾನು ನೊರೆಗಾಗಿ ಮಾಡುವ ಶೋಕಿ ಎಂದುಕೊಂಡಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 65 ಡಿಗ್ರಿಗೂ ಮೀರಿದ ಪಾನೀಯಗಳನ್ನು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲವು ಎಂಬ ವರ್ಗಕ್ಕೆ ಸೇರಿಸಿದ್ದು 2016ರಲ್ಲಿ. ನಮ್ಮ ದಬರಿ ಅದಕ್ಕಿಂತ ಹಳೆಯದು. ಡಿಸೆಂಬರಿನ ಬೆಳಗಿನ ಜಾವ ಕೊಳಾಯಿಯ ನೀರು 20, ಏಪ್ರಿಲಿನ ಮಧ್ಯಾಹ್ನ ತಾರಸಿಯ ಟ್ಯಾಂಕಿನ ನೀರು 34, ಅದೇ ಮಧ್ಯಾಹ್ನ ಮಡಕೆಯ ನೀರು 23, ಫ್ರಿಡ್ಜಿನ ಬಾಟಲಿಯದು 6. ತಣ್ಣೀರು ಎಂಬ ಒಂದು ಪದದೊಳಗೆ ಇಪ್ಪತ್ತೆಂಟು ಡಿಗ್ರಿಗಳ ಅಂತರ ಅಡಗಿದೆ ಎಂದು ಕಂಡುಕೊಂಡ ಮೇಲೆ, ತಣ್ಣೀರು ಒಳ್ಳೆಯದೇ ಕೆಟ್ಟದ್ದೇ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿ ಉಳಿಯಲಿಲ್ಲ.

ಆಮೇಲೆ ಅವ್ವನ ಮುದ್ದೆಯ ಮಾತನ್ನು ಕೈಗೆತ್ತಿಕೊಂಡೆ. ರಾತ್ರಿಯ ಊಟದ ಮುದ್ದೆಯಿಂದ ನಿಂಬೆಹಣ್ಣಿನ ಗಾತ್ರದ ಎರಡು ತುತ್ತು ಮುರಿದು, ಒಂದನ್ನು ಫ್ರಿಡ್ಜಿನ ನೀರಿನ ಲೋಟಕ್ಕೂ ಇನ್ನೊಂದನ್ನು 42 ಡಿಗ್ರಿಯ ನೀರಿನ ಲೋಟಕ್ಕೂ ಹಾಕಿದೆ. ಹತ್ತು ನಿಮಿಷದ ನಂತರ ಬೆರಳಿಟ್ಟು ಒತ್ತಿದರೆ ತಣ್ಣನೆಯ ಲೋಟದ ತುತ್ತು ರಬ್ಬರಿನಂತೆ ಬಿಗಿದುಕೊಂಡಿತ್ತು, ಬೆಚ್ಚನೆಯದರ ಅಂಚು ಕರಗಿ ನೀರು ಕದಡಿತ್ತು. ಅವ್ವ ಗೆದ್ದಳು ಎಂದೇ ಅನ್ನಿಸಿತು. ಮರುದಿನ ಅದೇ ಪ್ರಯೋಗಕ್ಕೆ ಒಂದು ಸೇರ್ಪಡೆ ಮಾಡಿದೆ. ಎರಡೂ ಲೋಟಗಳನ್ನು 37 ಡಿಗ್ರಿಯ ನೀರು ತುಂಬಿದ ಅಗಲವಾದ ಪಾತ್ರೆಯಲ್ಲಿ ಇಟ್ಟು, ಆ ಪಾತ್ರೆಯ ನೀರು ಆರದಂತೆ ಆಗಾಗ ಬಿಸಿನೀರು ಬೆರೆಸುತ್ತ ಕುಳಿತೆ, ಏಕೆಂದರೆ ನಮ್ಮ ಹೊಟ್ಟೆ ಅಡುಗೆಮನೆಯ ಕಟ್ಟೆಯ ಮೇಲಿರುವುದಿಲ್ಲ, ಸುತ್ತಲೂ ಬಿಸಿರಕ್ತ ಹರಿಯುವ ದೇಹದೊಳಗಿರುತ್ತದೆ. ಅರ್ಧ ಗಂಟೆಗೆ ತಣ್ಣನೆಯ ಲೋಟವೂ ಮೇಲೇರಿತು. ಕಣ್ಣು ಮುಚ್ಚಿ ಬೆರಳಿಟ್ಟ ನನಗೆ ಯಾವ ತುತ್ತು ಯಾವ ಲೋಟದ್ದೆಂದು ಹೇಳಲಾಗಲಿಲ್ಲ. ಒಂದು ಹನಿ ತುಪ್ಪ ಹಾಕಿ ನೋಡಿದಾಗಲೂ ಅಷ್ಟೆ: ತಣ್ಣೀರಿನಲ್ಲಿ ಹರಳುಗಟ್ಟಿದ್ದು ಬೆಚ್ಚಗಾಗುತ್ತಲೇ ಮತ್ತೆ ಕರಗಿ ಮೇಲೆ ತೇಲಿತು. ಕೊಬ್ಬು ಹೊಟ್ಟೆಯೊಳಗೆ ಗಟ್ಟಿಯಾಗಿ ಕರುಳಿಗೆ ಮೆತ್ತಿಕೊಳ್ಳುತ್ತದೆ ಎಂದು ಹೆದರಿಸುವವರಿಗೆ ನಾನು ಈಗ ಈ ಲೋಟವನ್ನೇ ತೋರಿಸುತ್ತೇನೆ.

ನಿಜವಾದ ಹೊಟ್ಟೆಯಲ್ಲಿಯೂ ನಡೆಯುವುದು ಇದಕ್ಕೆ ಹತ್ತಿರವೇ. ಬಹಳ ತಣ್ಣನೆಯ ಪಾನೀಯವು ಜಠರದಿಂದ ಮುಂದಕ್ಕೆ ಸಾಗುವುದು ಮೊದಲ ಕೆಲವು ನಿಮಿಷ ನಿಧಾನವಾಗುತ್ತದೆ, ಆದರೆ ಜಠರವು ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ತನ್ನ ಮೊದಲಿನ ಉಷ್ಣತೆಗೆ ಮರಳುತ್ತದೆ. ಊಟ ಅರಗುವುದು ಗಂಟೆಗಳ ಕೆಲಸವಾದ್ದರಿಂದ ಆ ಸಣ್ಣ ತಡೆಯಿಂದ ಆರೋಗ್ಯವಂತನಿಗೆ ಆಗುವ ನಷ್ಟ ಅಲ್ಪ. ಪಚನರಸದ ಕಿಣ್ವಗಳು ತಣ್ಣಗಾದರೆ ಮಂದವಾಗುತ್ತವೆ ಎನ್ನುವುದು ಸತ್ಯ, ಆದರೆ ಅವು ತಣ್ಣಗೇ ಉಳಿಯುವುದಿಲ್ಲ. ತಣ್ಣೀರನ್ನು ಕಾಯಿಸಲು ದೇಹವು ಕೊಬ್ಬು ಕರಗಿಸುತ್ತದೆ ಎಂಬ ಎದುರುಪಕ್ಷದ ವಾದವನ್ನೂ ಲೆಕ್ಕ ಹಾಕಿದೆ: ಕಾಲು ಲೀಟರು ನೀರನ್ನು 5 ಡಿಗ್ರಿಯಿಂದ 37ಕ್ಕೆ ಏರಿಸಲು ಬೇಕಾಗುವುದು 8 ಕಿಲೋಕ್ಯಾಲೊರಿ, ಅಂದರೆ ಸುಮಾರು ಅರ್ಧ ಟೀ ಚಮಚ ಸಕ್ಕರೆ. ಅದಕ್ಕಾಗಿ ಹಲ್ಲು ಜುಮ್ಮೆನ್ನಿಸಿಕೊಳ್ಳುವ ಅಗತ್ಯವಿಲ್ಲ.

ಇಷ್ಟಾದರೂ ನನ್ನ ಮಲಬದ್ಧತೆ ಹಾಗೆಯೇ ಇತ್ತು. ಆದ್ದರಿಂದ ಒಂದು ನೋಟುಪುಸ್ತಕದಲ್ಲಿ ಎರಡೆರಡು ವಾರದ ಸರದಿ ಹಾಕಿಕೊಂಡೆ: ಮೊದಲ ಎರಡು ವಾರ ಬೆಳಿಗ್ಗೆ ಕಾಫಿಯನ್ನು ಬಿಟ್ಟು ಬೇರೇನೂ ಇಲ್ಲ, ಮುಂದಿನ ಎರಡು ವಾರ ಎದ್ದ ಕೂಡಲೇ ಬೆಚ್ಚನೆಯ ನೀರು ಎರಡು ಲೋಟ, ಅನಂತರದ ಎರಡು ವಾರ ಅಷ್ಟೇ ನೀರು ಕೊಳಾಯಿಯಿಂದ ಬಂದು ಫಿಲ್ಟರಾದ ಹಾಗೆಯೇ. ಊಟದಲ್ಲಿ ಬದಲಾವಣೆ ಮಾಡಬಾರದೆಂದು ಮನೆಯಲ್ಲಿ ಹೇಳಿದ್ದೆ. ಸಂಕ್ರಾಂತಿ ಬಂದು ಒಂದು ವಾರ ಅವರೆಕಾಯಿ ಸಾರು ಲೆಕ್ಕವನ್ನೆಲ್ಲ ಕೆಡಿಸಿದ್ದರಿಂದ ಆ ಸರದಿಯನ್ನು ಮತ್ತೆ ಮೊದಲಿನಿಂದ ನಡೆಸಬೇಕಾಯಿತು.

ಬೆಚ್ಚನೆಯ ನೀರಿನ ಸರದಿಯಲ್ಲಿಯೇ ನನ್ನಿಂದ ಒಂದು ತಪ್ಪಾಯಿತು. ಕುದಿಯುವ ನೀರು ಒಂದು ಪಾಲು, 25 ಡಿಗ್ರಿಯ ನೀರು ಮೂರು ಪಾಲು ಬೆರೆಸಿದರೆ 43ರ ಸುತ್ತಮುತ್ತ ಬರುತ್ತದೆಂದು ಲೆಕ್ಕ ಹಾಕಿ, ಪ್ರತಿದಿನ ಅಳೆಯುವ ಕಷ್ಟವೇ ಬೇಡವೆಂದು ಅದನ್ನೇ ರೂಢಿ ಮಾಡಿಕೊಂಡಿದ್ದೆ. ಮೈಸೂರಿನ ಮನೆಯಲ್ಲಿ ಆ ಮೂರು ಪಾಲು ಫಿಲ್ಟರಿನ ನೀರಾಗಿತ್ತು. ಊರಿಗೆ ಹೋದಾಗ ಅದೇ ಲೆಕ್ಕದಲ್ಲಿ ತೊಟ್ಟಿಯ ನೀರನ್ನು ಬೆರೆಸಿ ಕುಡಿದೆ. ಮೂರನೆಯ ದಿನಕ್ಕೆ ಭೇದಿ ಹಿಡಿದು, ಮಲಬದ್ಧತೆಯ ಪ್ರಯೋಗ ಅತ್ಯಂತ ಅನಪೇಕ್ಷಿತ ರೀತಿಯಲ್ಲಿ ಯಶಸ್ವಿಯಾಯಿತು. ನೀರು ಬೆಚ್ಚಗಿದ್ದ ಮಾತ್ರಕ್ಕೆ ಕುದಿದ ನೀರಾಗುವುದಿಲ್ಲ. 43 ಡಿಗ್ರಿಯಲ್ಲಿ ರೋಗಾಣುಗಳು ಸಾಯುವುದಿಲ್ಲ. ಬಟ್ಟಲಿನಷ್ಟು ಕುದಿನೀರು ಚೊಂಬಿನಷ್ಟು ಹಸಿನೀರನ್ನು ಶುದ್ಧ ಮಾಡಲಾರದು. ನೀರನ್ನೆಲ್ಲ ಒಟ್ಟಿಗೆ ಕನಿಷ್ಠ ಒಂದು ನಿಮಿಷವಾದರೂ ಮರಳಿಸಿ, ಮುಚ್ಚಿಟ್ಟು, ತಾನಾಗಿ ಆರಲು ಬಿಡಬೇಕು. ಹೋಟೆಲುಗಳಲ್ಲಿ ಬಿಸಿನೀರು ಕೇಳಿದಾಗ ಮಾಣಿ ಫ್ಲಾಸ್ಕಿನಿಂದ ಅರ್ಧ, ಜಗ್ಗಿನಿಂದ ಅರ್ಧ ಸುರಿಯುವುದನ್ನು ಕಂಡರೆ ನಾನು ಈಗ ಬೇಡವೆಂದು ಕೈ ಅಡ್ಡ ಹಿಡಿಯುತ್ತೇನೆ. ಊರಿನ ಬೋರ್‌ವೆಲ್ ನೀರನ್ನು ಕುದಿಸಿದಾಗ ಪಾತ್ರೆಯ ತಳಕ್ಕೆ ಬಿಳಿಯ ಸುಣ್ಣ ಕಟ್ಟುತ್ತದೆ, ಹುಣಿಸೆಹಣ್ಣು ಹಾಕಿ ಉಜ್ಜಿದರೆ ಹೋಗುತ್ತದೆ. ಗಡಸುತನದ ಒಂದು ಭಾಗ ಹಾಗೆ ಕಳೆಯುತ್ತದೆಯಾದರೂ ಫ್ಲೋರೈಡ್ ಇರುವ ನೀರನ್ನು ಕುದಿಸಿ ಪ್ರಯೋಜನವಿಲ್ಲ, ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ.

ನೋಟುಪುಸ್ತಕ ಹೇಳಿದ್ದು ನಾನು ನಿರೀಕ್ಷಿಸಿದ್ದಲ್ಲ. ಎರಡು ಲೋಟ ಬೆಚ್ಚನೆಯ ನೀರು ಕುಡಿದ ಹದಿನಾಲ್ಕು ದಿನಗಳಲ್ಲಿ ಹನ್ನೊಂದು ದಿನ ಹೊಟ್ಟೆ ಸಲೀಸಾಗಿ ಖಾಲಿಯಾಗಿತ್ತು. ಕಾಫಿಯನ್ನಷ್ಟೇ ಕುಡಿದ ಸರದಿಯಲ್ಲಿ ಐದು ದಿನ. ಆದರೆ ಅಷ್ಟೇ ಪ್ರಮಾಣದ ತಣ್ಣೀರು ಕುಡಿದ ಸರದಿಯಲ್ಲಿಯೂ ಹತ್ತು ದಿನ ಹಾಗೆಯೇ ಆಗಿತ್ತು. ಖಾಲಿ ಹೊಟ್ಟೆಗೆ ಏನಾದರೂ ಬಿದ್ದ ಕೂಡಲೇ ದೊಡ್ಡ ಕರುಳು ಚಲಿಸತೊಡಗುವ ಒಂದು ಸಹಜ ಪ್ರತಿಕ್ರಿಯೆ ನಮ್ಮಲ್ಲಿದೆ, ಅದು ಬೆಳಗಿನ ಹೊತ್ತು ಚುರುಕಾಗಿರುತ್ತದೆ. ನನ್ನ ಮಟ್ಟಿಗೆ ಕೆಲಸ ಮಾಡಿದ್ದು ಅದು ಮತ್ತು ಒಟ್ಟು ನೀರಿನ ಪ್ರಮಾಣ. ಒಬ್ಬನೇ ಮನುಷ್ಯನ ಆರು ವಾರದ ಲೆಕ್ಕವನ್ನು ಯಾರ ಮೇಲೂ ಹೇರಲು ನಾನು ಸಿದ್ಧನಿಲ್ಲ, ಆದರೆ ಹನ್ನೊಂದಕ್ಕೂ ಹತ್ತಕ್ಕೂ ಇರುವ ವ್ಯತ್ಯಾಸಕ್ಕಾಗಿ ಬಿಸಿನೀರಿಗೆ ಪವಾಡಶಕ್ತಿ ಕಟ್ಟಲೂ ಮನಸ್ಸಿಲ್ಲ.

ಹಾಗಿದ್ದರೆ ಬೆಚ್ಚಗಿನದು ಏಕೆ ಬೇಕು? ಅದಕ್ಕೆ ಉತ್ತರ ಪುಸ್ತಕದ ಅಂಚಿನಲ್ಲಿ ನಾನೇ ಗೀಚಿಕೊಂಡಿದ್ದ ಟಿಪ್ಪಣಿಗಳಲ್ಲಿತ್ತು. ತಣ್ಣೀರಿನ ಸರದಿಯ ಬಹುಪಾಲು ದಿನ "ಎರಡನೇ ಲೋಟ ಕಷ್ಟ" ಎಂದು ಬರೆದಿದ್ದೆ. ಚಳಿಗಾಲದ ಬೆಳಿಗ್ಗೆ 20 ಡಿಗ್ರಿಯ ನೀರನ್ನು ಗಂಟಲು ಒಪ್ಪುವುದಿಲ್ಲ, ಒಂದು ಲೋಟಕ್ಕೇ ಸಾಕೆನಿಸುತ್ತದೆ. 42 ಡಿಗ್ರಿಯದಾದರೆ ಗುಟುಕು ಗುಟುಕಾಗಿ ನಾನ್ನೂರು ಮಿಲಿಲೀಟರು ತಾನಾಗಿ ಒಳಗೆ ಹೋಗುತ್ತದೆ. ಫ್ರಿಡ್ಜಿನ ನೀರನ್ನು ಇದಕ್ಕೆ ವಿರುದ್ಧವಾಗಿ ಬಾಟಲಿ ಎತ್ತಿ ಗಟಗಟನೆ ಸುರಿದುಕೊಳ್ಳುತ್ತೇವೆ, ನೀರಿನ ಜೊತೆ ಗಾಳಿಯನ್ನೂ ನುಂಗುತ್ತೇವೆ. ಊಟದ ನಂತರದ ನನ್ನ ಉಬ್ಬರಕ್ಕೆ ಆ ಗಾಳಿಯೇ ಹೆಚ್ಚಿನ ಕಾರಣವಾಗಿತ್ತೆಂದು ಈಗ ನನ್ನ ನಂಬಿಕೆ, ಏಕೆಂದರೆ ಅದೇ ತಣ್ಣನೆಯ ನೀರನ್ನು ಲೋಟಕ್ಕೆ ಬಗ್ಗಿಸಿ ಕುಳಿತು ಕುಡಿದ ದಿನಗಳಲ್ಲಿ ತೇಗು ಅರ್ಧಕ್ಕರ್ಧ ಕಡಿಮೆಯಾಯಿತು.

ಉಷ್ಣತೆ ನೇರವಾಗಿಯೇ ಕೆಲಸ ಮಾಡುವುದನ್ನೂ ನೋಡಿದ್ದೇನೆ. ನಮ್ಮ ಭಾವನವರಿಗೆ ಅನ್ನನಾಳದ ಕೆಳಗಿನ ಬಿಗಿಸ್ನಾಯು ಸರಿಯಾಗಿ ಸಡಿಲಗೊಳ್ಳದ ಅಕಲೇಸಿಯ ಎಂಬ ಕಾಯಿಲೆಯಿದೆ. ತಣ್ಣೀರು ಆ ಸ್ನಾಯುವನ್ನು ಇನ್ನಷ್ಟು ಬಿಗಿಯುತ್ತದೆ, ಬಿಸಿನೀರು ಸಡಿಲಿಸುತ್ತದೆ. ಅವರು ಊಟದ ನಡುವೆ ಬಿಸಿನೀರು ಗುಟುಕರಿಸಿ, ಎದೆಯ ಮೇಲೆ ಕೈಯಿಟ್ಟುಕೊಂಡು ತುತ್ತು ಇಳಿಯುವುದನ್ನು ಕಾಯುತ್ತಾರೆ. ನುಂಗಲು ಹೀಗೆ ಕಷ್ಟವಾಗುವವರು ಬಿಸಿನೀರಿನಲ್ಲಿ ದಿನ ದೂಡದೆ ಮೊದಲು ವೈದ್ಯರ ಬಳಿ ಹೋಗಬೇಕು.

ಆಯುರ್ವೇದ ಓದಿದ ಗೆಳೆಯರೊಬ್ಬರ ಹತ್ತಿರ ಈ ಪುಸ್ತಕವನ್ನು ತೆಗೆದುಕೊಂಡು ಹೋದಾಗ ಅವರು ವಾಗ್ಭಟನ ಅಷ್ಟಾಂಗಹೃದಯದ ಐದನೆಯ ಅಧ್ಯಾಯವನ್ನು ತೆರೆದು ಓದಿದರು. ಬಿಸಿನೀರು ಹಸಿವನ್ನು ಉದ್ದೀಪಿಸುತ್ತದೆ, ಪಚನಕಾರಿ, ಗಂಟಲಿಗೆ ಹಿತ ಎಂದು ಅಲ್ಲಿದೆ. ಬಿಕ್ಕಳಿಕೆ, ಹೊಟ್ಟೆಯುಬ್ಬರ, ಕೆಮ್ಮು, ನೆಗಡಿಗಳಿಗೆ ಅದನ್ನು ಹೇಳಿದ್ದಾನೆ. ಆದರೆ ಅದೇ ಅಧ್ಯಾಯವು ದಣಿವು, ಬಾಯಾರಿಕೆ, ಉರಿ, ತಲೆಸುತ್ತು, ವಾಂತಿ ಇರುವವರಿಗೆ ತಣ್ಣೀರನ್ನೇ ಹೇಳುತ್ತದೆ, ಮತ್ತು ಕುದಿಸಿ ಆರಿಸಿದ ನೀರು ಹಗುರವೆನ್ನುತ್ತದೆ. ಎಲ್ಲರಿಗೂ ಎಲ್ಲ ಕಾಲಕ್ಕೂ ಬಿಸಿನೀರು ಎಂಬ ವಿಧಿ ಅಲ್ಲೆಲ್ಲೂ ಇಲ್ಲ. ಶಾಸ್ತ್ರದ ಹೆಸರು ಹೇಳಿ ಫ್ಲಾಸ್ಕು ಹಿಡಿದು ತಿರುಗುವವರು ಅರ್ಧ ಪುಟ ಓದಿ ಮುಚ್ಚಿಟ್ಟಿದ್ದಾರೆ ಎಂದು ಗೆಳೆಯರು ನಕ್ಕರು.

ಅವರ ಮಾತಿನ ಅರ್ಥ ನನಗೆ ಪೂರ್ತಿಯಾಗಿ ಆದದ್ದು ಏಪ್ರಿಲಿನ ಒಂದು ಭಾನುವಾರ. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ನಂದಿಯವರೆಗೆ ಹತ್ತಿ, ಬೆವರು ಸುರಿಯುತ್ತಿರುವಾಗಲೇ ನಿಯಮ ತಪ್ಪಬಾರದೆಂದು ಫ್ಲಾಸ್ಕಿನ ಬಿಸಿನೀರು ಕುಡಿದೆ. ಎರಡನೆಯ ಗುಟುಕಿಗೇ ವಾಕರಿಕೆ ಬಂದು ಕಲ್ಲಿನ ಮೇಲೆ ಕುಳಿತುಬಿಟ್ಟೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು "ಬಿಸ್ಲಲ್ಲಿ ಇದ್ಯಾಕ್ ಕುಡೀತೀರಿ ಸಾರ್, ತಗೊಳಿ" ಎಂದು ತಮ್ಮ ಬಾಟಲಿ ಕೊಟ್ಟರು. ಅದು ಮನೆಯ ಮಡಕೆಯಿಂದ ತುಂಬಿಸಿಕೊಂಡು ಬಂದ ನೀರು. ಅದನ್ನು ಅಳೆಯಲು ಥರ್ಮಾಮೀಟರು ಇರಲಿಲ್ಲ.

ಈಗ ರಾತ್ರಿಯೇ ಎರಡು ಲೀಟರು ನೀರನ್ನು ಕುದಿಸಿ ಮುಚ್ಚಿಡುತ್ತೇವೆ. ಬೆಳಿಗ್ಗೆ ಅದರಲ್ಲಿ ಎರಡು ಲೋಟವನ್ನು, ಚಳಿಗಾಲವಾದರೆ ಮತ್ತೆ ಒಲೆಯ ಮೇಲಿಟ್ಟು 42ಕ್ಕೆ ತಂದು, ಬೇಸಿಗೆಯಾದರೆ ಇದ್ದ ಹಾಗೆಯೇ, ಕುಳಿತು ಕುಡಿಯುತ್ತೇನೆ. ಮಧ್ಯಾಹ್ನದ ಊಟಕ್ಕೆ ಮಡಕೆಯ ನೀರು. ಊರಿಗೆ ಹೋದಾಗ ಮಾತ್ರ ಮುದ್ದೆಯ ಮೇಲೆ ಬಿಸಿನೀರನ್ನೇ ಕುಡಿಯುತ್ತೇನೆ. ಎರಡು ಲೋಟಗಳ ಪ್ರಯೋಗವನ್ನು ಅವ್ವನಿಗೆ ತೋರಿಸಿದಾಗ ಅವಳು ಮೊದಲ ದಿನದ ಗಟ್ಟಿ ತುತ್ತನ್ನು ಒತ್ತಿ ನೋಡಿ, "ನಾ ಹೇಳ್ನಿಲ್ವಾ" ಎಂದು, ಎರಡನೆಯ ಪಾತ್ರೆ ತರುವ ಮೊದಲೇ ಎದ್ದು ಹೋಗಿದ್ದಳು.