ಬಂಗಡೆ ಧಾರಣೆಯಿಂದ ಎಂ.ಎ. ಪ್ರಬಂಧ: ನನ್ನ ಅನುಭವ

ಅರ್ಥಶಾಸ್ತ್ರ ಎಂ.ಎ.ಯ ಕಿರುಪ್ರಬಂಧಕ್ಕೆ ಕಾರವಾರದ ಬಂಗಡೆ ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನು (ಧಾರಣೆ ಶೇಕಡಾ ಒಂದು ಏರಿದರೆ ಕೊಳ್ಳುವ ಪ್ರಮಾಣ ಶೇಕಡಾ ಎಷ್ಟು ಇಳಿಯುತ್ತದೆ ಎಂಬುದನ್ನು) ಆಯ್ದುಕೊಂಡಾಗ, ರಿಸರ್ವ್ ಬ್ಯಾಂಕಿನ ಅಂಕಿಅಂಶಗಳನ್ನು ಇಳಿಸಿಕೊಂಡು ಸುಮ್ಮನೆ ಮುಗಿಸುವುದನ್ನು ಬಿಟ್ಟು ಮೀನು ಪೇಟೆ ಸುತ್ತುವವನು ಪಾಸಾಗುವುದಿಲ್ಲವೆಂದು ಸಹಪಾಠಿಗಳು ನಕ್ಕಿದ್ದರು. ತರಗತಿಯಲ್ಲಿ ಅತಿ ಹೆಚ್ಚು ಅಂಕ ಅದಕ್ಕೇ ಬಂದಿರುವುದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಧಾರಣೆಯೂ ಪ್ರಮಾಣವೂ ಒಟ್ಟಿಗೆ ನಿರ್ಧಾರವಾಗುವಲ್ಲಿ ಸಾದಾ ರಿಗ್ರೆಶನ್ (ಒಂದರ ಏರಿಳಿತದಿಂದ ಇನ್ನೊಂದನ್ನು ಅಂದಾಜಿಸುವ ಲೆಕ್ಕ) ನಿಲ್ಲುವುದಿಲ್ಲವಾದ್ದರಿಂದ, ಬೇಡಿಕೆಯನ್ನು ಮುಟ್ಟದೆ ಪೂರೈಕೆಯನ್ನು ಮಾತ್ರ ಅಲುಗಿಸುವ ಹೊರಗಿನ ಅಂಶ, ಅಂದರೆ ಸಾಧನ ಚಲಕವೊಂದು ಬೇಕಿತ್ತು. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆ ನಿಷೇಧವೇ ಸಾಕೆಂದು ಹಿರಿಯರೊಬ್ಬರು ಸೂಚಿಸಿದ್ದರಿಂದ ಒಂದು ಮಳೆಗಾಲ ಅದಕ್ಕೇ ಹೋಯಿತು. ಆಗ ಪೇಟೆಯಲ್ಲಿರುವುದು ನಾಡದೋಣಿಯ ಅಲ್ಪಸ್ವಲ್ಪ ಮೀನು ಮತ್ತು ಹೊರಗಿನಿಂದ ಐಸಿನಲ್ಲಿ ಬಂದ ಮಾಲು, ಅಂದರೆ ಸರಕೇ ಬೇರೆ. ಮೇಲಾಗಿ ಮೀನುಗಾರ್ತಿಯರು ಪಾಲಿನ ಲೆಕ್ಕದಲ್ಲಿ ಮಾರುತ್ತಾರೆ. ಬೆಲೆ ನೂರು ರೂಪಾಯಿಯೇ ಇದ್ದು, ಪಾಲಿನ ಬಂಗಡೆ ಎಂಟರಿಂದ ಐದಕ್ಕೆ ಇಳಿದಿರುತ್ತದೆ. ತೂಗಿ ನೋಡಲೆಂದು ಪಾಲು ಕೊಂಡು ಕೊಂಡು ಸುಮಾರು ನಾಲ್ಕು ಸಾವಿರ ರೂಪಾಯಿ ಕರಗಿತು, ಮನೆಯವರಿಗೆ ಬಂಗಡೆ ಸಾಕುಸಾಕಾಯಿತು.

ಕೊನೆಗೆ ಕೈಹಿಡಿದದ್ದು ಅಲೆ. ಸೆಪ್ಟೆಂಬರಿನಿಂದ ಮೇ ವರೆಗೆ ಬೈತಖೋಲ ಬಂದರಿನ ಹರಾಜಿನಲ್ಲಿ ಬುಟ್ಟಿಯ ಧಾರಣೆ ಮತ್ತು ಪ್ರಮಾಣವನ್ನು ಬರೆದುಕೊಂಡು, ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆಯಾದ ಇನ್‌ಕಾಯಿಸ್ ಪ್ರಕಟಿಸುವ ಅಲೆಯ ಎತ್ತರವನ್ನು ಅದಕ್ಕೆ ಜೋಡಿಸಿದೆ. ಕಡಲು ಎದ್ದರೆ ಪರ್ಸೀನ್ ದೋಣಿಗಳು (ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವವು) ಹೊರಡುವುದಿಲ್ಲ, ಆದರೆ ದಡದ ಗಿರಾಕಿಯ ಊಟ ಬದಲಾಗುವುದಿಲ್ಲ. ಮಳೆ ಬಿದ್ದ ದಿನಗಳಲ್ಲಿ ಗಿರಾಕಿಯೂ ಹೊರಬೀಳದ ಕಾರಣ ಅವುಗಳನ್ನು ಕೈಬಿಟ್ಟೆ. ಪುಕ್ಕಟೆ ಸಿಗುವ ಅಂಕಿಅಂಶ ತಂತ್ರಾಂಶ ಗ್ರೆಟ್ಲ್‌ನಲ್ಲಿ ಎರಡು ಹಂತದ ಅಂದಾಜು (ಮೊದಲು ಅಲೆಯಿಂದ ಧಾರಣೆ, ಆಮೇಲೆ ಆ ಧಾರಣೆಯಿಂದ ಪ್ರಮಾಣ) ಮಾಡಿದಾಗ, ಅಲೆಗೂ ಧಾರಣೆಗೂ ನಂಟು ಎಷ್ಟು ಗಟ್ಟಿ ಎಂದು ತೋರಿಸುವ ಮೊದಲ ಹಂತದ ಎಫ್ ಅಂಕಿ ಹತ್ತರ ರೂಢಿಯ ಗೆರೆಯನ್ನು ದಾಟಿ ಇಪ್ಪತ್ತರ ಮೇಲೆ ನಿಂತಿತು. ಸಾದಾ ವಿಧಾನದಲ್ಲಿ −0.4ರಷ್ಟಿದ್ದ ಸ್ಥಿತಿಸ್ಥಾಪಕತ್ವ ಸುಮಾರು −1.1ಕ್ಕೆ ಬಂದಿತು. ಹರಾಜಿನವರು ತಮ್ಮ ವಹಿಯನ್ನು ನನಗೆ ತೋರಿಸಲು ಒಪ್ಪಿದ್ದು ಹೇಗೆಂಬುದನ್ನು ಮಾತ್ರ ಹೇಳುವುದಿಲ್ಲ, ಪಿಎಚ್.ಡಿ.ಗೂ ಅದು ಬೇಕಾಗುತ್ತದೆ.

ಶ್ರಾವಣದಲ್ಲಿ ಅನೇಕ ಮನೆಗಳು ಮೀನು ಬಿಡುವುದರಿಂದ, ಬೇಡಿಕೆಯ ಆ ಕುಸಿತವನ್ನು ಹಿಡಿದು ಪೂರೈಕೆಯ ಗೆರೆಯನ್ನೂ ಎಳೆಯಲು ನೋಡಿದೆ. ನಿಷೇಧ ಮುಗಿದೊಡನೆ ದೋಣಿಗಳೆಲ್ಲ ಒಮ್ಮೆಲೇ ಇಳಿದು ಎರಡೂ ಗೆರೆಗಳು ಜೊತೆಯಲ್ಲೇ ಸರಿಯುವುದರಿಂದ ಅದು ಅನುಬಂಧದಲ್ಲೇ ಉಳಿಯಿತು.

ಕಡಲು ಎದ್ದ ದಿನ ಗೋವಾದಲ್ಲಿಯೂ ಮೀನು ಕಡಿಮೆಯಾಗಿ ಅಲ್ಲಿನ ಲಾರಿಗಳು ಇಲ್ಲಿಗೇ ಬಂದರೆ ಬೇಡಿಕೆಯೂ ಅಲುಗಿದಂತಲ್ಲವೇ ಎಂದು ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕೇಳಿದರು. ಹೊರಗಿನ ಲಾರಿಗೆ ಹೋದ ಬುಟ್ಟಿಗಳನ್ನು ನಾನು ಮೊದಲೇ ಪ್ರತ್ಯೇಕವಾಗಿ ಗುರುತು ಹಾಕಿಟ್ಟಿದ್ದೆ. ಅವನ್ನು ಕಳೆದು ಮಾಡಿದ ಕೋಷ್ಟಕದಲ್ಲಿ ಅಂಕಿ −0.9ರ ಆಸುಪಾಸಿನಲ್ಲಿತ್ತು, ಆ ಪುಟವನ್ನು ತೆರೆದು ಅವರ ಮುಂದಿಟ್ಟೆ.